ಕೊಳಚೆ ನೀರು ತರುವ ಹೊಣೆ ನಿಮ್ಮದು, ಶುದ್ಧ ಮಾಡುವ ಹೊಣೆ ಅವರದು: ಎಸ್‌ಟಿಪಿ ಒಪ್ಪಂದಗಳ ಬಗ್ಗೆ ಒಂದು ಬಹಿರಂಗ ಪತ್ರ

ಇವರಿಗೆ,
ನಗರಾಭಿವೃದ್ಧಿ ಇಲಾಖೆ ಮತ್ತು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ಹಿರಿಯ ಅಧಿಕಾರಿಗಳು, ಹಾಗೆಯೇ ರಾಜ್ಯದ ಮಹಾನಗರ ಪಾಲಿಕೆ, ನಗರಸಭೆ, ಪುರಸಭೆಗಳ ಸದಸ್ಯರು

ಮಾನ್ಯರೇ, ನಮಸ್ಕಾರ.

ಖಾಸಗಿ ಸಹಭಾಗಿತ್ವದಲ್ಲಿ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಕಟ್ಟಿಸುವ ಮಾತು ಬಂದಾಗಲೆಲ್ಲ ಚರ್ಚೆ ಎರಡೇ ಮಾತಿನಲ್ಲಿ ಮುಗಿದುಹೋಗುತ್ತದೆ. 'ಸರ್ಕಾರದ ಕೈಲಿ ಆಗಲ್ಲ, ಕಂಪನಿಗೆ ಕೊಡಿ' ಅಂತ ಒಬ್ಬರು. 'ಕಂಪನಿಗೆ ಕೊಟ್ಟರೆ ಊರನ್ನೇ ಬರೆದುಕೊಟ್ಟ ಹಾಗೆ' ಅಂತ ಇನ್ನೊಬ್ಬರು. ಆ ಜಗಳಕ್ಕೆ ನಾನು ಬರುವುದಿಲ್ಲ. ಕೊಡಬೇಕೋ ಬೇಡವೋ ನೀವೇ ತೀರ್ಮಾನಿಸಿ. ಕೊಡುವುದಾದರೆ ಕೆಲಸ ಕೆಟ್ಟ ದಿನ ನಷ್ಟ ಯಾರದು ಅನ್ನುವುದನ್ನು ಟೆಂಡರ್‌ಗೆ ಮುಂಚೆಯೇ ಬರೆದಿಡಿ. ನನ್ನ ಕೋರಿಕೆ ಇಷ್ಟೇ.

ನಾನು ಕೊಳಚೆ ನೀರು ಶುದ್ಧೀಕರಣ ಘಟಕಗಳ ಲ್ಯಾಬ್‌ನಲ್ಲಿ ಕೆಮಿಸ್ಟ್ ಆಗಿ ದುಡಿದು ನಿವೃತ್ತನಾದವನು. ಸರ್ಕಾರವೇ ನಡೆಸುವ ಘಟಕ, ಗುತ್ತಿಗೆಗೆ ಕೊಟ್ಟ ಘಟಕ, ಎರಡರಲ್ಲೂ ಇದ್ದೆ. ಮಷೀನು ಕೆಟ್ಟು ಕೆಲಸ ನಿಂತದ್ದು ಕಡಿಮೆ. 'ಇದು ನಮ್ಮ ಕೆಲಸ ಅಲ್ಲ' ಅಂತ ಇಬ್ಬರೂ ಪತ್ರ ಬರೆಯುತ್ತಾ ಕೂತು ನಿಂತದ್ದೇ ಜಾಸ್ತಿ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2021ರಲ್ಲಿ ದೇಶದ ಎಸ್‌ಟಿಪಿಗಳ ಲೆಕ್ಕ ಕೊಟ್ಟಿತು. ನಗರಗಳಲ್ಲಿ ಆಗ 72,368 ಎಂಎಲ್‌ಡಿ ಕೊಳಚೆ ಹುಟ್ಟುತ್ತಿತ್ತು. ಒಂದು ಎಂಎಲ್‌ಡಿ ಅಂದರೆ ದಿನಕ್ಕೆ ಹತ್ತು ಲಕ್ಷ ಲೀಟರ್. ಕಟ್ಟಿದ ಸಾಮರ್ಥ್ಯ 31,841. ನಿಜವಾಗಿ ಶುದ್ಧವಾಗುತ್ತಿದ್ದದ್ದು 20,236. ಕರ್ನಾಟಕದ ಪಾಲು ನೋಡಿ: ಹುಟ್ಟುತ್ತಿದ್ದದ್ದು 4,458, ಕಟ್ಟಿದ್ದು 2,712, ಶುದ್ಧವಾಗುತ್ತಿದ್ದದ್ದು 1,786. ಇನ್ನೂ ಕಟ್ಟಬೇಕಾದದ್ದು ಬೇಕಾದಷ್ಟಿದೆ, ಅದು ಎಲ್ಲರಿಗೂ ಕಾಣುತ್ತದೆ. ನನ್ನ ಕಣ್ಣು ಹೋಗುವುದು ಕೊನೆಯ ಎರಡು ಅಂಕಿಗಳ ಮೇಲೆ. ದುಡ್ಡು ಸುರಿದು ಕಟ್ಟಿದ್ದರಲ್ಲೂ ಮೂರನೇ ಒಂದು ಭಾಗ ಸುಮ್ನೆ ಕೂತಿತ್ತು. ಯಾಕೆ?

ಎಷ್ಟೋ ಕಡೆ ಉತ್ತರ ತುಂಬಾ ಸರಳ. ಘಟಕಕ್ಕೆ ಕೊಳಚೆಯೇ ಬರುವುದಿಲ್ಲ.

ಡಿಪಿಆರ್‌ನಲ್ಲಿ (ವಿವರವಾದ ಯೋಜನಾ ವರದಿಯಲ್ಲಿ) ಲೆಕ್ಕ ಹಾಕುವ ರೀತಿ ನಿಮಗೆ ಗೊತ್ತೇ ಇದೆ. ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇಕಡಾ 80 ಕೊಳಚೆಯಾಗಿ ವಾಪಸ್. ಇನ್ನು ಮೂವತ್ತು ವರ್ಷಕ್ಕೆ ಎರಡು ಲಕ್ಷ ಜನ ಆಗುತ್ತಾರೆ ಅಂದರೆ 21.6 ಎಂಎಲ್‌ಡಿ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಇವತ್ತು ಆ ಊರಲ್ಲಿ ಯುಜಿಡಿಗೆ (ಒಳಚರಂಡಿಗೆ) ಸೇರಿದವರು ಒಂದು ಲಕ್ಷ ಜನ ಅಂತಿಟ್ಟುಕೊಳ್ಳಿ. ನಲ್ಲಿಯಲ್ಲಿ ನೀರು ಬರುವುದು ಮೂರು ದಿನಕ್ಕೊಮ್ಮೆ, ತಲೆಗೆ 80 ಲೀಟರ್ ಸಿಕ್ಕರೆ ಪುಣ್ಯ. ಆಗ ಘಟಕಕ್ಕೆ ಬರುವುದು ಆರೂವರೆ ಎಂಎಲ್‌ಡಿಯೂ ಇಲ್ಲ. ಉಳಿದ ಮನೆಗಳ ನೀರು ಚರಂಡಿ ಹಿಡಿದು ರಾಜಕಾಲುವೆಗೆ, ಅಲ್ಲಿಂದ ಕೆರೆಗೆ. 22 ಎಂಎಲ್‌ಡಿಯ ಘಟಕ ಮಾತ್ರ ಉದ್ಘಾಟನೆಯಾಗಿ ನಿಂತಿರುತ್ತದೆ.

ಮದುವೆ ಅಡುಗೆಯವರಿಗೆ ಐನೂರು ಎಲೆ ಅಂತ ಹೇಳಿ, ಬಂದದ್ದು ನೂರೈವತ್ತು ಜನ ಆದರೆ ಲೆಕ್ಕ ಹೇಗೆ ಮಾಡುತ್ತೀರಿ? ಸಾಂಬಾರಿಗೆ ಉಪ್ಪು ಜಾಸ್ತಿಯಾದರೆ ಅಡುಗೆಯವರನ್ನು ಕೇಳಬಹುದು. ನೆಂಟರು ಬರಲಿಲ್ಲ ಅಂತ ಕೇಳೋಕಾಗಲ್ಲ ಅಲ್ವಾ? ಎಸ್‌ಟಿಪಿ ಟೆಂಡರ್‌ನಲ್ಲಿ ನಾವು ಕೇಳುವುದು ಮಾತ್ರ ಹೆಚ್ಚುಕಡಿಮೆ ಅದನ್ನೇ. ಶುದ್ಧ ಮಾಡಿದ ಪ್ರತಿ ಸಾವಿರ ಲೀಟರ್‌ಗೆ ಇಷ್ಟು ಅಂತ ದರ ಕಟ್ಟಿದರೆ, ಕೊಳಚೆ ಬಾರದ ನಷ್ಟ ಪೂರ್ತಿ ಕಂಪನಿ ಮೇಲೆ ಬೀಳುತ್ತದೆ. ಮನೆ ಮನೆಗೆ ಪೈಪು ಜೋಡಿಸುವ ಅಧಿಕಾರ ಕಂಪನಿಗಿಲ್ಲ. ರಸ್ತೆ ಅಗೆಯಲು ಅನುಮತಿ ಕೊಡುವವರೂ, ಸಂಪರ್ಕ ಪಡೆಯದ ಮನೆಗೆ ನೋಟಿಸ್ ಕೊಡುವವರೂ ನೀವೇ. ತನ್ನ ಕೈಯಲ್ಲಿ ಇಲ್ಲದ ನಷ್ಟವನ್ನು ಯಾವ ಕಂಪನಿಯೂ ಸುಮ್ಮನೆ ಹೊರುವುದಿಲ್ಲ. ಒಂದೋ ಅದನ್ನೆಲ್ಲ ದರಕ್ಕೆ ಸೇರಿಸುತ್ತದೆ, ಇಲ್ಲವೋ ಕಡಿಮೆ ದರ ಹಾಕಿ ಕೆಲಸ ಹಿಡಿದು ಎರಡನೇ ವರ್ಷ ಕೋರ್ಟಿಗೆ ಹೋಗುತ್ತದೆ.

ಈ ಗಂಟನ್ನು ನಮಗಿಂತ ಮೊದಲೇ ಬಿಡಿಸಿಕೊಂಡ ಊರು ಪಕ್ಕದ ರಾಜ್ಯದಲ್ಲೇ ಇದೆ. ಆಗ ಚೆನ್ನೈ ಪಕ್ಕದ ಊರಾಗಿದ್ದು, ಈಗ ಚೆನ್ನೈಗೇ ಸೇರಿರುವ ಆಲಂದೂರು. 1990ರ ದಶಕದ ಕೊನೆಯಲ್ಲಿ ಅಲ್ಲಿನ ಪುರಸಭೆ ಒಳಚರಂಡಿ ಯೋಜನೆ ಕೈಗೆತ್ತಿಕೊಂಡಿತು. ಸಾಲ ತರುವ ಮುಂಚೆ ಜನರ ಹತ್ತಿರ ಹೋಯಿತು. ಮನೆಯೊಂದಕ್ಕೆ 5,000 ರೂಪಾಯಿ ಠೇವಣಿ ಕೇಳಿತು. ಆ ಕಾಲಕ್ಕೆ ಅದೇನು ಚಿಕ್ಕ ಮೊತ್ತವಲ್ಲ. ಆದರೂ ಸಾವಿರಾರು ಮನೆಯವರು ಕಟ್ಟಿದರು. ಘಟಕವನ್ನು ಖಾಸಗಿಯವರು ತಮ್ಮ ಬಂಡವಾಳದಲ್ಲಿ ಕಟ್ಟಿ ನಡೆಸಿ ಆಮೇಲೆ ಬಿಟ್ಟುಕೊಡುವ ಒಪ್ಪಂದ. ಅದರಲ್ಲಿ ಪುರಸಭೆ ಕನಿಷ್ಠ ಇಷ್ಟು ಕೊಳಚೆಗೆ ದುಡ್ಡು ಕೊಡುತ್ತೇವೆ, ಬಂದರೂ ಸರಿ ಬಾರದಿದ್ದರೂ ಸರಿ ಅಂತ ಒಪ್ಪಿಕೊಂಡಿತು. ಮೇಲ್ನೋಟಕ್ಕೆ ಇದು ಕಂಪನಿಗೆ ಕೊಟ್ಟ ಉಡುಗೊರೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಬಾರದ ಕೊಳಚೆಗೆ ದುಡ್ಡು ಕೊಡಬೇಕಾಗುತ್ತದೆ ಅನ್ನುವ ಭಯವೇ ಪುರಸಭೆಯನ್ನು ಬೀದಿ ಬೀದಿಗೆ ಇಳಿಸಿ ಸಂಪರ್ಕ ಕೊಡಿಸುತ್ತದೆ. ಹೊಣೆ ಸರಿಯಾದ ಹೆಗಲ ಮೇಲೆ ಕೂತರೆ ಆ ಹೆಗಲು ಕೆಲಸ ಮಾಡುತ್ತದೆ.

ಹಾಗಂತ ಕಣ್ಣುಮುಚ್ಚಿ ಕನಿಷ್ಠ ಮೊತ್ತ ಒಪ್ಪಿಕೊಳ್ಳಿ ಅನ್ನುತ್ತಿಲ್ಲ. ಮೂವತ್ತು ವರ್ಷದ ಜನಸಂಖ್ಯೆಗೆ ಇವತ್ತೇ ಕಟ್ಟಿಸಿ, ಅದಕ್ಕೆ ಕನಿಷ್ಠ ಮೊತ್ತವನ್ನೂ ಒಪ್ಪಿಕೊಂಡರೆ ಊರು ಮುಳುಗಿತು ಅಂತಲೇ ಲೆಕ್ಕ. 22 ಎಂಎಲ್‌ಡಿ ಬದಲು ಮೊದಲು ಏಳೋ ಎಂಟೋ ಕಟ್ಟಿಸಿ. ಪಕ್ಕದಲ್ಲಿ ಜಾಗ ಬಿಡಿ. ಒಳಹರಿವು ನಿಗದಿಯಾದ ಮಟ್ಟ ಮುಟ್ಟಿದಾಗ ಮುಂದಿನ ಭಾಗ ಕಟ್ಟುವ ಷರತ್ತು ಹಾಕಿ. ದೊಡ್ಡ ಟ್ಯಾಂಕಿಗೆ ಸ್ವಲ್ಪ ಕೊಳಚೆ ಬಂದರೆ ಕೊಳೆ ತಿಂದು ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾ ಹೊಟ್ಟೆಗಿಲ್ಲದೆ ಸಾಯುತ್ತವೆ, ಗಾಳಿ ಊದುವ ಬ್ಲೋವರ್ ಮಾತ್ರ ಕರೆಂಟು ತಿನ್ನುತ್ತಿರುತ್ತದೆ. ಇದು ಲ್ಯಾಬ್‌ನಲ್ಲಿ ಕೂತವನಿಗೆ ಮೊದಲು ಕಾಣುತ್ತದೆ, ಡಿಪಿಆರ್ ಬರೆದವರಿಗೆ ಕಾಣುವುದೇ ಇಲ್ಲ.

ಇನ್ನು ಬರುವ ಕೊಳಚೆ ಎಂಥದು ಅನ್ನುವ ಪ್ರಶ್ನೆ. ನಾನು ಇದ್ದ ಒಂದು ಘಟಕದಲ್ಲಿ ಬೆಳಗಿನ ಜಾವ ಇನ್‌ಲೆಟ್ ನೀರು, ಅಂದರೆ ಒಳಬರುವ ಕೊಳಚೆ, ನೀಲಿಯಾಗಿ ಬರುತ್ತಿತ್ತು. ರಾತ್ರಿ ಹೊತ್ತು ಯಾರೋ ಮ್ಯಾನ್‌ಹೋಲ್ ಮುಚ್ಚಳ ತೆಗೆದು ಟ್ಯಾಂಕರ್ ಖಾಲಿ ಮಾಡುತ್ತಿದ್ದರು. ಗಾಳಿ ಊದುವ ಏರೇಷನ್ ಟ್ಯಾಂಕಿನ ಬ್ಯಾಕ್ಟೀರಿಯಾ ಸತ್ತು, ನೀರು ಹೊರಹೋಗುವ ಔಟ್‌ಲೆಟ್‌ನಲ್ಲಿ ನೊರೆ ಎದ್ದು, ಮತ್ತೆ ಸರಿಹೋಗುವಷ್ಟರಲ್ಲಿ ವಾರಗಳೇ ಹಿಡಿದವು. ಗುತ್ತಿಗೆದಾರರಿಗೆ ದಂಡ ಬಿತ್ತು. ಟ್ಯಾಂಕರ್‌ನವರಿಗೆ ಏನೂ ಆಗಲಿಲ್ಲ. ಅಲ್ಲಿಂದ ಮುಂದೆ ಗುತ್ತಿಗೆದಾರರು ಒಂದು ಉಪಾಯ ಕಲಿತರು: ಏನೇ ಕೆಟ್ಟರೂ 'ಇನ್‌ಲೆಟ್ ಸರಿ ಇರಲಿಲ್ಲ' ಅನ್ನುವುದು. ಅವರೇ ಬ್ಲೋವರ್ ಆಫ್ ಮಾಡಿ ಕರೆಂಟು ಉಳಿಸಿದ ದಿನವೂ ಅದೇ ಮಾತು! ನಿಜ ಯಾವುದು, ನೆಪ ಯಾವುದು ಅಂತ ಹೇಳಲು ಯಾರ ಹತ್ತಿರವೂ ದಾಖಲೆ ಇರಲಿಲ್ಲ.

ದಾಖಲೆ ಇಡುವುದು ಕಷ್ಟವೇನಲ್ಲ. ಇನ್‌ಲೆಟ್‌ನಲ್ಲೂ ಔಟ್‌ಲೆಟ್‌ನಲ್ಲೂ ಮೀಟರ್ ಇರಲಿ. ಅಂಕಿಗಳು ನಗರಸಭೆಗೂ ಮಾಲಿನ್ಯ ಮಂಡಳಿಗೂ ನೇರ ಹೋಗಲಿ. ಸ್ಯಾಂಪಲ್ ತೆಗೆಯುವಾಗ ಎರಡೂ ಕಡೆಯವರು ಇದ್ದು ಮೂರು ಬಾಟಲಿ ಮಾಡಲಿ. ಒಂದು ಕಂಪನಿಗೆ, ಒಂದು ನಗರಸಭೆಗೆ, ಮೂರನೆಯದು ತಕರಾರು ಬಂದರೆ ಹೊರಗಿನ ಲ್ಯಾಬ್‌ಗೆ. ಒಳಬರುವ ಕೊಳಚೆಯ ಬಿಒಡಿ, ಸಿಒಡಿ (ನೀರಿನಲ್ಲಿ ಕೊಳೆ ಎಷ್ಟಿದೆ ಅಂತ ತೋರಿಸುವ ಅಂಕಿಗಳು), ಲವಣ ಎಷ್ಟರವರೆಗೆ ಇದ್ದರೆ ಕಂಪನಿ ಹೊಣೆ, ಅದಕ್ಕಿಂತ ಮೇಲೆ ಹೋದರೆ ನಿಮ್ಮ ಹೊಣೆ ಅಂತ ಅಂಕಿಯಲ್ಲೇ ಬರೆಯಿರಿ. ಗಡಿಯೊಳಗೆ ಬಂದ ಕೊಳಚೆ ಗಡಿಯೊಳಗೆ ಶುದ್ಧವಾಗದಿದ್ದರೆ ದಂಡದಲ್ಲಿ ಒಂದು ರೂಪಾಯಿಯನ್ನೂ ಬಿಡಬೇಡಿ. ಬಣ್ಣ ಹಾಕುವ, ಬಟ್ಟೆ ತೊಳೆಯುವ ಘಟಕಗಳು ತುಂಬಿರುವ ಬಳ್ಳಾರಿಯಂಥ ಊರಿಗೆ ಈ ಗೆರೆ ಎಳೆಯದೆ ಟೆಂಡರ್ ಕರೆಯುವುದು ಜೂಜು.

ಕರೆಂಟಿನ ಮಾತು ಬೇಗ ಮುಗಿಸುತ್ತೇನೆ. ಗಾಳಿ ಊದಿ ನೀರು ಶುದ್ಧ ಮಾಡುವ ಘಟಕದಲ್ಲಿ ನಡೆಸುವ ಖರ್ಚಿನ ದೊಡ್ಡ ಪಾಲು ವಿದ್ಯುತ್ತಿನದು. ಯೂನಿಟ್ ದರ ಏರುವುದು ಕಂಪನಿ ಕೈಯಲ್ಲಿಲ್ಲ. ಎಷ್ಟು ಯೂನಿಟ್ ಖರ್ಚಾಗುತ್ತದೆ ಅನ್ನುವುದು ಅವರ ಕೈಯಲ್ಲಿದೆ. ಹಾಗಾಗಿ ಒಂದು ಎಂಎಲ್‌ಡಿಗೆ ಎಷ್ಟು ಯೂನಿಟ್ ಅಂತ ಕಂಪನಿ ಟೆಂಡರ್‌ನಲ್ಲೇ ಹೇಳಲಿ. ಅದರೊಳಗಿನ ಬಿಲ್ ನೀವು ಕಟ್ಟಿ, ಮೀರಿದ್ದು ಅವರು ಕಟ್ಟಲಿ. ಬ್ಲೋವರ್ ಆಫ್ ಮಾಡಿ ಉಳಿಸಿದ ಕರೆಂಟು ಅವರ ಜೇಬಿಗೆ ಹೋಗದ ಹಾಗೂ ನೋಡಿಕೊಳ್ಳಿ.

ದುಡ್ಡು ಕೊಡುವ ವಿಧಾನದ ಬಗ್ಗೆ ಗಂಗಾ ತೀರದಿಂದ ಕಲಿಯುವುದಿದೆ. ನಮಾಮಿ ಗಂಗೆ ಕಾರ್ಯಕ್ರಮಕ್ಕೆ ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಹೈಬ್ರಿಡ್ ಆನ್ಯುಟಿ ಮಾದರಿ (ಸ್ವಲ್ಪ ಕಟ್ಟುವಾಗ, ಉಳಿದದ್ದು ಆಮೇಲೆ ಕಂತಿನಲ್ಲಿ ಕೊಡುವುದು) ಒಪ್ಪಿತು. ವಾರಾಣಸಿಯ ರಮನಾದಲ್ಲಿ 50 ಎಂಎಲ್‌ಡಿ, ಹರಿದ್ವಾರದಲ್ಲಿ ಎರಡು ಘಟಕ ಸೇರಿ 82 ಎಂಎಲ್‌ಡಿ, ಇವು ಮೊದಲ ಯೋಜನೆಗಳು. ಕಟ್ಟುವ ಖರ್ಚಿನ ಶೇಕಡಾ 40 ಕೆಲಸ ಮುಂದುವರಿದ ಹಾಗೆ ಸಿಗುತ್ತದೆ. ಉಳಿದ ಶೇಕಡಾ 60 ಬಡ್ಡಿ ಸಮೇತ 15 ವರ್ಷ ಕಂತಿನಲ್ಲಿ, ಅದೂ ಘಟಕ ಸರಿಯಾಗಿ ನಡೆದರೆ. ಇದು ನನಗೆ ಇಷ್ಟವಾದ ಏರ್ಪಾಡು. ನಮ್ಮಲ್ಲಿ ಕಟ್ಟಿ ಮುಗಿಸಿದ ದಿನವೇ ಹೆಚ್ಚಿನ ದುಡ್ಡು ಎತ್ತಿಕೊಂಡು, ನಡೆಸುವ ಭಾಗಕ್ಕೆ ಬಂದಾಗ ಸೊರಗಿದ ಘಟಕಗಳನ್ನು ನೋಡಿದ್ದೇನೆ. ಅರ್ಧಕ್ಕಿಂತ ಜಾಸ್ತಿ ಹಣ ಮುಂದೆ ಬರಬೇಕಿದ್ದರೆ, ಕಟ್ಟುವವರು ಸಿಮೆಂಟಿನಲ್ಲಿ ಉಳಿಸಲು ಹೋಗುವುದಿಲ್ಲ. ಬಿರುಕು ಬಿಟ್ಟರೆ ರಿಪೇರಿ ಮಾಡಬೇಕಾದವರೂ ಅವರೇ ತಾನೇ.

ಆದರೆ ಗಂಗೆಯ ಒಪ್ಪಂದಕ್ಕೆ ಮೂರು ಸಹಿ ಬೀಳುತ್ತವೆ. ಕಂಪನಿ, ರಾಜ್ಯದ ಸಂಸ್ಥೆ, ಜೊತೆಗೆ ಸ್ವಚ್ಛ ಗಂಗಾ ರಾಷ್ಟ್ರೀಯ ಮಿಷನ್. ಹಿಂದೆ ಕೇಂದ್ರದ ದುಡ್ಡು ಇದೆ. ನಮ್ಮ ನಗರಸಭೆಗಳ ಹಿಂದೆ ಯಾರಿದ್ದಾರೆ? ಬೀದಿದೀಪ, ನೀರಿನ ಪಂಪುಗಳ ಬಿಲ್ಲನ್ನೇ ಎಸ್ಕಾಂಗಳಿಗೆ ಬಾಕಿ ಉಳಿಸಿಕೊಂಡ ಸ್ಥಳೀಯ ಸಂಸ್ಥೆಗಳು ನಮ್ಮವು. ಅಂಥ ಸಂಸ್ಥೆ 15 ವರ್ಷ ತಪ್ಪದೆ ಕಂತು ಕಟ್ಟುತ್ತದೆ ಅಂತ ಬ್ಯಾಂಕಿನವರು ನಂಬುತ್ತಾರಾ? ನಂಬದಿದ್ದರೆ ಬಡ್ಡಿ ಏರುತ್ತದೆ, ಬಡ್ಡಿ ಏರಿದರೆ ದರ ಏರುತ್ತದೆ, ಅದು ಕೊನೆಗೆ ಜನರ ಯುಜಿಡಿ ಶುಲ್ಕಕ್ಕೇ ಬಂದು ಕೂರುತ್ತದೆ. ಆದ್ದರಿಂದ ಮೂರನೇ ಸಹಿ ರಾಜ್ಯ ಸರ್ಕಾರ ಹಾಕಲಿ. ಕೆಲವು ಕಂತಿನಷ್ಟು ಹಣ ಬೇರೆ ಖರ್ಚಿಗೆ ಮುಟ್ಟಲಾಗದ ಎಸ್ಕ್ರೋ ಖಾತೆಯಲ್ಲಿ ಸದಾ ಇರಲಿ. ನಗರಸಭೆ ತಡ ಮಾಡಿದರೆ ಅದಕ್ಕೆ ಬರಬೇಕಾದ ಅನುದಾನದಿಂದ ಕಡಿತವಾಗಲಿ. ಸದಸ್ಯರಿಗೆ ಇದು ಕಹಿ ಅನ್ನಿಸುತ್ತದೆ, ಗೊತ್ತು. ಆದರೆ ಸಾಮಾನ್ಯ ಸಭೆಯಲ್ಲಿ ಕೈ ಎತ್ತುವಾಗಲೇ ಮುಂದಿನ ಮೂರು ಚುನಾವಣೆಗಳ ತನಕ ಕಟ್ಟಬೇಕಾದ ಸಾಲಕ್ಕೆ ಕೈ ಎತ್ತುತ್ತಿದ್ದೇವೆ ಅಂತ ತಿಳಿದಿರಬೇಕು. ನಗರಗಳ ನೀರು, ಒಳಚರಂಡಿಗೆ ದುಡ್ಡು ಕೊಡುವ ಕೇಂದ್ರದ ಅಮೃತ್ 2.0 ಯೋಜನೆಯಲ್ಲಿ ಜನಸಂಖ್ಯೆ ಹತ್ತು ಲಕ್ಷ ದಾಟಿದ ನಗರಗಳು ಅನುದಾನದ ಕನಿಷ್ಠ ಶೇಕಡಾ 10ರಷ್ಟು ಕೆಲಸವನ್ನು ಖಾಸಗಿ ಸಹಭಾಗಿತ್ವದಲ್ಲಿ ಮಾಡಬೇಕು ಅಂತ ನಿಯಮವೇ ಇದೆ. ಬರೀ ಆ ನಿಯಮ ಪೂರೈಸಲು ಒಪ್ಪಂದ ಮಾಡಿಕೊಳ್ಳುವವರ ಬಗ್ಗೆ ನನಗೆ ಹೆದರಿಕೆ.

ಯಾರ ಕೈಯಲ್ಲೂ ಇಲ್ಲದ ಅಪಾಯವೂ ಒಂದಿದೆ: ಕಾನೂನು ಬದಲಾಗುವುದು. 2017ರ ಅಕ್ಟೋಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಎಸ್‌ಟಿಪಿಯಿಂದ ಹೊರಬರುವ ನೀರಿನ ಬಿಒಡಿ ಮಹಾನಗರಗಳಲ್ಲೂ ಹೆಚ್ಚಿನ ರಾಜ್ಯಗಳ ರಾಜಧಾನಿಗಳಲ್ಲೂ ಲೀಟರ್‌ಗೆ 20, ಉಳಿದ ಕಡೆ 30 ಮಿಲಿಗ್ರಾಂ ಇರಬಹುದು ಅಂತ ಅಧಿಸೂಚನೆ ಹೊರಡಿಸಿತು. 2019ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಎಲ್ಲ ಕಡೆ 10 ಇರಲಿ ಅಂತ ಆದೇಶ ಮಾಡಿತು. ಹೊಸದಕ್ಕೆ ಮಾತ್ರವಲ್ಲ, ಈಗಾಗಲೇ ಇರುವ, ಕಟ್ಟುತ್ತಿರುವ ಘಟಕಗಳಿಗೂ. ನೀರಿನ ದೃಷ್ಟಿಯಿಂದ ಒಳ್ಳೆಯ ಆದೇಶ. ಆದರೆ 30ಕ್ಕೆ ಡಿಸೈನ್ ಮಾಡಿದ ಘಟಕದ ಗುಂಡಿ ಒತ್ತಿದರೆ 10 ಬರುವುದಿಲ್ಲ. ಫಿಲ್ಟರ್ ಬೇಕು, ಜಾಸ್ತಿ ಗಾಳಿ ಬೇಕು, ಕೆಲವೊಮ್ಮೆ ಹೊಸ ಟ್ಯಾಂಕೇ ಬೇಕು. ಒಪ್ಪಂದದ ಅವಧಿ 15 ವರ್ಷವಾದರೆ ನಿಯಮ ಒಂದು ಸಲವಾದರೂ ಬದಲಾಗುತ್ತದೆ ಅಂತಲೇ ಇಟ್ಟುಕೊಳ್ಳಿ. ಬದಲಾದಾಗ ಬಂಡವಾಳ ಯಾರು ಹಾಕಬೇಕು, ದರ ಹೇಗೆ ಪರಿಷ್ಕರಿಸಬೇಕು, ಎಷ್ಟು ತಿಂಗಳೊಳಗೆ ಮುಗಿಸಬೇಕು, ಲೆಕ್ಕ ನೋಡುವ ಇಂಜಿನಿಯರ್ ಯಾರು, ಇಷ್ಟನ್ನೂ ಮೊದಲೇ ಬರೆಯಿರಿ. 'ಪರಸ್ಪರ ಮಾತುಕತೆಯಿಂದ ಬಗೆಹರಿಸಿಕೊಳ್ಳತಕ್ಕದ್ದು' ಅನ್ನುವ ಸಾಲು ವಕೀಲರಿಗೆ ಮಾತ್ರ ಲಾಭ.

ಇಷ್ಟು ಹೊತ್ತು ಸಹಿ ಹಾಕಿದವರ ಮಾತಾಯಿತು. ಸಹಿ ಹಾಕದವರೂ ಇದ್ದಾರಲ್ಲ?

ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುವ 440 ಎಂಎಲ್‌ಡಿ ಯೋಜನೆ 2018ರಲ್ಲಿ ಶುರುವಾಯಿತು. ಅದೇ ಜುಲೈನಲ್ಲಿ ಲಕ್ಷ್ಮೀಸಾಗರ ಕೆರೆಯ ಹತ್ತಿರ ನೊರೆ ಕಾಣಿಸಿತು. ಹೈಕೋರ್ಟ್ ತಡೆ ಕೊಟ್ಟಿತು, ಆಮೇಲೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು, ಕೊನೆಗೆ ನೀರು ಮತ್ತೆ ಹರಿಯಿತು. ಆ ನೀರಿನಿಂದ ಬತ್ತಿದ ಕೆರೆ ತುಂಬಿದ್ದನ್ನು ನೋಡಿ ಖುಷಿಪಟ್ಟ ರೈತರೂ ಇದ್ದಾರೆ, ಅಂತರ್ಜಲಕ್ಕೆ ಏನು ಸೇರುತ್ತಿದೆಯೋ ಅಂತ ಹೆದರುವವರೂ ಇದ್ದಾರೆ. ಇಬ್ಬರೂ ಸರಿಯೇ. ನಾನು ಎತ್ತಿ ಹೇಳುವುದು ಬೇರೆ. ಬೆಂಗಳೂರಿನ ಘಟಕ ಒಂದು ದಿನ ಕೆಟ್ಟರೆ ಅದರ ಫಲ ಉಣ್ಣುವವನು ಕೋಲಾರದ ಕೆರೆ ಕೆಳಗಿನ ರೈತ. ಘಟಕ ನಡೆಸುವ ಒಪ್ಪಂದಕ್ಕೆ ಅವನು ಸಹಿ ಹಾಕುವವನಲ್ಲ. ಔಟ್‌ಲೆಟ್ ಅಂಕಿ ಮೀರಿದರೆ ದಂಡ ನಗರದ ಖಾತೆಗೆ ಜಮಾ ಆಗುತ್ತದೆ, ಹೊಲಕ್ಕೆ ಬರುವುದು ನೊರೆ ಮಾತ್ರ. ಮುಂದಿನ ಒಪ್ಪಂದಗಳಲ್ಲಾದರೂ ಎರಡು ವಿಷಯ ಸೇರಲಿ. ನೀರು ಕೆಟ್ಟ ಕ್ಷಣವೇ ಪಂಪ್ ನಿಲ್ಲಿಸುವ ಅಧಿಕಾರ ನೀರು ಪಡೆಯುವ ಕಡೆಯವರಿಗೂ ಇರಲಿ. ದಂಡದ ಒಂದು ಪಾಲು ಕೆಳಗಿನ ಊರುಗಳ ನೀರಿನ ಪರೀಕ್ಷೆಗೆ ಹೋಗಲಿ.

ಸಹಿ ಹಾಕದವರಲ್ಲಿ ಇನ್ನೊಬ್ಬ ಇದ್ದಾನೆ, ಪಂಪಿಗೆ ಕೊಳಚೆ ಬಂದು ಸೇರುವ ಗುಂಡಿಗೆ, ಅಂದರೆ ವೆಟ್‌ವೆಲ್‌ಗೆ ಇಳಿಯುವವನು. ಪಂಪಿಗೆ ಬಟ್ಟೆ, ಪ್ಲಾಸ್ಟಿಕ್ ಸಿಕ್ಕಿಕೊಂಡಾಗ ಅವನನ್ನೇ ಕರೆಯುತ್ತಾರೆ. ಹಗ್ಗ ಇರುವುದಿಲ್ಲ, ಗ್ಯಾಸ್ ಮೀಟರ್ ಇದ್ದರೂ ಬ್ಯಾಟರಿ ಇರುವುದಿಲ್ಲ. ಅವನ ಹೆಸರು ಕಂಪನಿಯ ಪಟ್ಟಿಯಲ್ಲೂ ಇರುವುದಿಲ್ಲ, ಸಬ್‌ಕಾಂಟ್ರಾಕ್ಟರ್‌ನ ಕೆಳಗಿನ ಸಬ್‌ಕಾಂಟ್ರಾಕ್ಟರ್ ಹತ್ತಿರ ಇರುತ್ತದೆ. ಸುರಕ್ಷತೆ ಇಲ್ಲದೆ ಇಳಿಸುವುದು ಮಲ ಹೊರುವುದನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ಅಪಾಯ ಹಂಚಿಕೆಯ ದೊಡ್ಡ ದೊಡ್ಡ ಪಟ್ಟಿಗಳಲ್ಲಿ ವಿನಿಮಯ ದರದ ಏರಿಳಿತಕ್ಕೂ ಒಂದು ಸಾಲು ಇರುತ್ತದೆ, ಇವನಿಗೆ ಇರುವುದಿಲ್ಲ. ಇದರಲ್ಲಿ ಹಂಚಿಕೆ ಅನ್ನುವ ಮಾತೇ ಬೇಡ. ಗುಂಡಿಗೆ ಆಳು ಇಳಿಸಿದರೆ ಒಪ್ಪಂದ ರದ್ದು ಅಂತ ಬರೆಯಿರಿ. ಮೇಲಿನಿಂದಲೇ ಎತ್ತುವ ಜಾಲರಿ, ಎತ್ತಿ ತೆಗೆಯಬಹುದಾದ ಪಂಪು, ಇವು ಡಿಸೈನ್‌ನಲ್ಲೇ ಇರಲಿ. ಅದರ ಖರ್ಚು ನಿಮ್ಮದೇ ಆಗಲಿ, ಪರವಾಗಿಲ್ಲ.

ಸ್ಲಡ್ಜ್, ಅಂದರೆ ಶುದ್ಧ ಮಾಡಿದ ಮೇಲೆ ಉಳಿಯುವ ಕೆಸರು, ಅದರ ಬಗ್ಗೆ ಒಂದು ಮಾತು. ಶುದ್ಧ ನೀರಿಗೆ ಗಿರಾಕಿ ಸಿಗುತ್ತಾರೆ. ನಾಗಪುರದ ಭಾಂಡೇವಾಡಿಯ ನೀರು ಕೊರಾಡಿಯ ವಿದ್ಯುತ್ ಸ್ಥಾವರಕ್ಕೆ ಹೋಗುತ್ತದೆ, ಎಸ್‌ಟಿಪಿಯ 50 ಕಿಲೋಮೀಟರ್ ಒಳಗಿನ ಉಷ್ಣ ವಿದ್ಯುತ್ ಸ್ಥಾವರಗಳು ಇಂಥ ನೀರನ್ನೇ ಬಳಸಬೇಕು ಅಂತ 2016ರ ಕೇಂದ್ರದ ವಿದ್ಯುತ್ ದರ ನೀತಿಯಲ್ಲೇ ಇದೆ. ಸ್ಲಡ್ಜ್‌ಗೆ ಗಿರಾಕಿಯಿಲ್ಲ. ಒಪ್ಪಂದದಲ್ಲಿ 'ಸೂಕ್ತ ಜಾಗದಲ್ಲಿ ವಿಲೇವಾರಿ' ಅಂತಿದ್ದರೆ, ಆ ಸೂಕ್ತ ಜಾಗ ಊರಾಚೆಯ ಗೋಮಾಳವೇ ಆಗುತ್ತದೆ. ಸರ್ವೆ ನಂಬರ್ ಸಮೇತ ಜಾಗ ನೀವು ಕೊಡಿ, ಒಣಗಿಸಿ ಸಾಗಿಸುವ ಹೊಣೆ ಅವರಿಗೆ ಕೊಡಿ.

ಕೊನೆಯ ವರ್ಷಗಳ ಮೇಲೂ ಕಣ್ಣಿಡಿ. ಒಪ್ಪಂದ ಮುಗಿಯುವ ಹೊತ್ತಿಗೆ ಯಾರೂ ಹೊಸ ಬ್ಲೋವರ್ ಹಾಕುವುದಿಲ್ಲ. ಎಳೆದಾಡಿಸಿಕೊಂಡು ದಿನ ದೂಡುತ್ತಾರೆ, ಆಮೇಲೆ ನಿಮಗೆ ಸಿಗುವುದು ಗುಜರಿ. ಕೊನೆಯ ಎರಡು ವರ್ಷದ ಕಂತಿನಲ್ಲಿ ಒಂದಷ್ಟು ತಡೆಹಿಡಿದು, ಹೊರಗಿನವರಿಂದ ಮಷೀನು ಪರೀಕ್ಷೆ ಮಾಡಿಸಿ, ಸರಿಯಿದ್ದರೆ ಮಾತ್ರ ಬಿಡುಗಡೆ ಮಾಡುವ ಷರತ್ತು ಮೊದಲ ದಿನವೇ ಇರಲಿ. ಅಷ್ಟರೊಳಗೆ ನಿಮ್ಮವರು ನಾಲ್ಕು ಜನ ಆ ಘಟಕ ನಡೆಸುವುದನ್ನು ಕಲಿತಿರಲಿ. ಇಲ್ಲದಿದ್ದರೆ ಅದೇ ಕಂಪನಿ ಹೇಳಿದ ದರಕ್ಕೆ ಮತ್ತೆ ಒಪ್ಪಬೇಕಾಗುತ್ತದೆ.

ಇದನ್ನೆಲ್ಲ ಮಾಡಲು ಹೊಸ ಕಾನೂನೇನೂ ಬೇಕಿಲ್ಲ. ಟೆಂಡರ್ ಕರೆಯುವ ಮುಂಚೆ ಕರಡು ಒಪ್ಪಂದವನ್ನು ಕನ್ನಡದಲ್ಲಿ ನಗರಸಭೆಯ ವೆಬ್‌ಸೈಟ್‌ನಲ್ಲೂ ನೋಟಿಸ್ ಬೋರ್ಡ್‌ನಲ್ಲೂ ಹಾಕಿ. ಅದರ ಜೊತೆ ಒಂದೇ ಒಂದು ಹಾಳೆ ಇರಲಿ: ಕೊಳಚೆ ಕಡಿಮೆ ಬಂದರೆ, ಕೆಟ್ಟದ್ದು ಬಂದರೆ, ಕರೆಂಟು ದರ ಏರಿದರೆ, ನಿಯಮ ಬದಲಾದರೆ, ಕಂತು ತಡವಾದರೆ, ಯಾರಾದರೂ ಸತ್ತರೆ ಹೊಣೆ ಯಾರದು ಅಂತ. ಒಂದು ತಿಂಗಳು ಆಕ್ಷೇಪಣೆಗೆ ಸಮಯ ಕೊಡಿ. ಸಾಮಾನ್ಯ ಸಭೆಯಲ್ಲಿ ಆ ಹಾಳೆಯನ್ನು ಗಟ್ಟಿಯಾಗಿ ಓದಿಸಿ, ಆಮೇಲೆ ಮತಕ್ಕೆ ಹಾಕಿ. ಸಹಿಯಾದ ಒಪ್ಪಂದವನ್ನೂ ತಿಂಗಳ ಔಟ್‌ಲೆಟ್ ಅಂಕಿಗಳನ್ನೂ ಅಲ್ಲೇ ಹಾಕುತ್ತಾ ಹೋಗಿ. 'ವಾಣಿಜ್ಯ ಗೌಪ್ಯ' ಅಂತ ಮುಚ್ಚಿಡಲು ಕೊಳಚೆ ನೀರಿನಲ್ಲಿ ಯಾವ ಗುಟ್ಟೂ ಇಲ್ಲ. ಸ್ಯಾಂಪಲ್ ತೆಗೆಯುವ ಮೂರು ಬಾಟಲಿಯ ಪದ್ಧತಿಯನ್ನು ನಿಮ್ಮ ಸಿಬ್ಬಂದಿಗೆ ಹೇಳಿಕೊಡಲು ಯಾವ ಊರಿನವರು ಕರೆದರೂ ನಾನು ಬರುತ್ತೇನೆ. ಬಸ್ ಚಾರ್ಜ್ ಕೂಡ ಬೇಡ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಎಸ್‌ಟಿಪಿ ಕೆಮಿಸ್ಟ್